ರೈತರಿಗೆ ಸರ್ಕಾರ ಕೊಡುವ ಹಣ ಖಾತೆಗೆ ಬಂದಿಲ್ಲವೇ? ಎಲ್ಲಿ ನಿಂತಿದೆ ಎಂದು ಪತ್ತೆ ಮಾಡುವುದು ಹೀಗೆ

ಪ್ರತಿ ಸಲ ಕಂತು ಬಿಡುಗಡೆಯಾದಾಗ ಓದುಗರು ಕೇಳುವುದು ಇದನ್ನೇ: "ಪಕ್ಕದ ಹೊಲದವರಿಗೆ ದುಡ್ಡು ಬಂತು, ನಮಗೆ ಯಾಕೆ ಬರಲಿಲ್ಲ?" ಕೆಲವರು ಪಿಎಂ ಕಿಸಾನ್ ಬಗ್ಗೆ ಕೇಳುತ್ತಾರೆ, ಕೆಲವರು ಬೆಳೆ ಪರಿಹಾರದ ಬಗ್ಗೆ. ಯೋಜನೆಗಳು ಬೇರೆ ಬೇರೆ. ಆದರೆ ದುಡ್ಡು ನಿಲ್ಲುವ ಜಾಗಗಳು ಹೆಚ್ಚುಕಡಿಮೆ ಅವೇ.

ಸಾಮಾನ್ಯವಾಗಿ ಆಗುವುದೇನು? ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಬ್ಯಾಂಕಿಗೆ ಹೋಗಿ ಅನ್ನುತ್ತಾರೆ. ಬ್ಯಾಂಕಿನವರು ತಾಲ್ಲೂಕು ಕಚೇರಿಗೆ ಹೋಗಿ ಅನ್ನುತ್ತಾರೆ. ಅಲ್ಲಿಂದ ಮತ್ತೆ ರೈತ ಸಂಪರ್ಕ ಕೇಂದ್ರ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜೂ ಹೋಯಿತು, ಕೆಲಸ ಆಗಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಮನೆ ಬಿಡುವ ಮೊದಲು ಹಣ ಎಲ್ಲಿ ನಿಂತಿದೆ ಎಂದು ನೋಡಿಕೊಳ್ಳಿ. ಆಮೇಲೆ ಆ ಒಂದು ಕಚೇರಿಗೆ ಮಾತ್ರ ಹೋಗಿ. ಈ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಮೊದಲ ಹಂತ ಸರಿಯಿಲ್ಲದಿದ್ದರೆ ಮೂರನೆಯದನ್ನು ಸರಿಮಾಡಿ ಪ್ರಯೋಜನವಿಲ್ಲ. ಹಾಗಾಗಿ ನಿಮಗೆ ಸಂಬಂಧಿಸಿದ ಯಾವ ಹಂತವನ್ನೂ ಹಾರಿಸಬೇಡಿ.

ಮೊದಲು, ಯಾವ ಹಣ ಎಷ್ಟು?

ಪಿಎಂ ಕಿಸಾನ್ ಕೇಂದ್ರ ಸರ್ಕಾರದ ಯೋಜನೆ. 2019ರ ಫೆಬ್ರುವರಿಯಲ್ಲಿ ಶುರುವಾಯಿತು. ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಏಪ್ರಿಲ್‌ನಿಂದ ಜುಲೈ, ಆಗಸ್ಟ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಮಾರ್ಚ್, ಹೀಗೆ ಮೂರು ಅವಧಿ. ಅವಧಿಯ ಒಳಗೇ ಬರುತ್ತದೆ ಎಂದೇನೂ ಇಲ್ಲ. 2025ರಲ್ಲಿ ಕಂತುಗಳು ಬಿಡುಗಡೆಯಾದದ್ದು ಫೆಬ್ರುವರಿ 24, ಆಗಸ್ಟ್ 2 ಮತ್ತು ನವೆಂಬರ್ 19ರಂದು. ಅಂದರೆ ಜುಲೈ ಮುಗಿದರೂ ಬಂದಿಲ್ಲ ಎಂದ ಕೂಡಲೇ ನಿಮ್ಮ ದಾಖಲೆಯಲ್ಲಿ ದೋಷವಿದೆ ಎಂದುಕೊಳ್ಳಬೇಡಿ. ಊರಿನಲ್ಲಿ ಯಾರಿಗಾದರೂ ಬಂದಿದೆಯೇ ಎಂದು ಮೊದಲು ಕೇಳಿ.

ಇದರ ಜೊತೆಗೆ ರಾಜ್ಯ ಸರ್ಕಾರದ 4,000 ರೂಪಾಯಿ ಯಾಕೆ ನಿಂತಿತು ಎಂದು ಈಗಲೂ ಕೇಳುವವರಿದ್ದಾರೆ. ಅದು 2019ರಲ್ಲಿ ಆಗಿನ ರಾಜ್ಯ ಸರ್ಕಾರ ಶುರುಮಾಡಿದ ಹೆಚ್ಚುವರಿ ಹಣ. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದನ್ನು ನಿಲ್ಲಿಸಲಾಯಿತು. ಅದಕ್ಕಾಗಿ ಕಚೇರಿಗೆ ಅಲೆಯಬೇಡಿ.

ಎರಡನೆಯದು ಬೆಳೆ ಹಾನಿ ಪರಿಹಾರ. ಕಚೇರಿಯ ಭಾಷೆಯಲ್ಲಿ ಇದಕ್ಕೆ ಇನ್‌ಪುಟ್ ಸಬ್ಸಿಡಿ ಅನ್ನುತ್ತಾರೆ. ಅಂದರೆ ಬೀಜ, ಗೊಬ್ಬರ, ಉಳುಮೆಗೆ ಹಾಕಿದ ದುಡ್ಡಿನಲ್ಲಿ ಒಂದು ಪಾಲನ್ನು ತುಂಬಿಕೊಡುವುದು. ಬೆಳೆಯ ಪೂರ್ತಿ ಬೆಲೆ ಸಿಗುವುದಿಲ್ಲ. ಬರ, ಅತಿವೃಷ್ಟಿ, ಆಲಿಕಲ್ಲು ಮಳೆಯಂಥ ವಿಪತ್ತಿನಿಂದ ಶೇ. 33 ಅಥವಾ ಅದಕ್ಕಿಂತ ಜಾಸ್ತಿ ಬೆಳೆ ಹಾಳಾಗಿದ್ದರೆ ಮಾತ್ರ ಇದು ಸಿಗುತ್ತದೆ. 2022ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಹೀಗಿದೆ: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಅಡಿಕೆ ತೆಂಗಿನಂಥ ಬಹುವಾರ್ಷಿಕ ಬೆಳೆಗೆ 22,500. ಗರಿಷ್ಠ 2 ಹೆಕ್ಟೇರ್.

ನಮ್ಮ ಲೆಕ್ಕ ಎಕರೆ, ಗುಂಟೆಯಲ್ಲಿ ಅಲ್ವಾ? ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ಹಾಗಾಗಿ ಮಳೆಯಾಶ್ರಿತ ಹೊಲ ಒಂದು ಎಕರೆಗೆ ಸುಮಾರು 3,440 ರೂಪಾಯಿ ಬರುತ್ತದೆ, ನೀರಾವರಿಗೆ ಸುಮಾರು 6,880. ಒಂದೂವರೆ ಎಕರೆ ರಾಗಿ ಹಾಳಾದವರಿಗೆ ಸುಮಾರು 5,160. ನಿಮಗೆ ಇದಕ್ಕಿಂತ ತೀರಾ ಕಡಿಮೆ ಬಂದಿದ್ದರೆ ನಿಮ್ಮ ಎಲ್ಲ ಸರ್ವೆ ನಂಬರುಗಳೂ ಲೆಕ್ಕಕ್ಕೆ ಸಿಕ್ಕಿಲ್ಲ ಎಂದೇ ಮೊದಲು ಅನುಮಾನಿಸಿ. ಕೆಲವು ವರ್ಷ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಚ್ಚುವರಿ ಸೇರಿಸುವುದೂ ಉಂಟು. 2025ರ ಅತಿವೃಷ್ಟಿಗೆ ಹೆಕ್ಟೇರಿಗೆ 8,500 ಹೆಚ್ಚಿಗೆ ಕೊಡುವುದಾಗಿ ಘೋಷಿಸಿತ್ತು.

ಬೆಳೆ ವಿಮೆ ಇವೆರಡರಲ್ಲೂ ಸೇರುವುದಿಲ್ಲ. ಅದಕ್ಕೆ ನೀವು ಪ್ರೀಮಿಯಂ ಕಟ್ಟಿರಬೇಕು. ವಿಮೆ ಹಣ ಬಂದಿಲ್ಲ ಎಂದು ತಹಶೀಲ್ದಾರರನ್ನು ಕೇಳಿದರೆ ಉತ್ತರ ಸಿಗುವುದಿಲ್ಲ. ಅದರ ಸ್ಥಿತಿಯನ್ನು ನೋಡಲು 'ಸಂರಕ್ಷಣೆ' ಎಂಬ ಬೇರೆಯೇ ಪೋರ್ಟಲ್ ಇದೆ.

ಕೈಯಲ್ಲಿ ಏನೇನು ಇರಬೇಕು?

ಆಧಾರ್ ಕಾರ್ಡ್ ಮತ್ತು ಅದಕ್ಕೆ ಜೋಡಿಸಿರುವ ಮೊಬೈಲ್. ಈ ವರ್ಷದ ಪಹಣಿ, ನಿಮ್ಮ ಹೆಸರಿನಲ್ಲಿರುವ ಪ್ರತಿಯೊಂದು ಸರ್ವೆ ನಂಬರಿನದ್ದೂ. ಬ್ಯಾಂಕ್ ಪಾಸ್‌ಬುಕ್, ಎಂಟ್ರಿ ಹಾಕಿಸಿದ್ದು. ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಗೊತ್ತಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಜಾತಿ ಪ್ರಮಾಣಪತ್ರ. ಒಂದು ಹಳೇ ನೋಟ್‌ಬುಕ್ಕೂ ಇರಲಿ. ಯಾವ ದಿನ ಯಾವ ಕಚೇರಿಗೆ ಹೋದಿರಿ, ಏನು ಹೇಳಿದರು ಎಂದು ಅದರಲ್ಲಿ ಬರೆಯುತ್ತಾ ಹೋಗಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಅದೇ ನಿಮಗೆ ಆಧಾರ.

ಹಂತ 1: ಪಹಣಿಯಲ್ಲಿ ನಿಮ್ಮ ಹೆಸರು ಇದೆಯೇ?

ಎಲ್ಲಕ್ಕೂ ಬುಡ ಇದೇ. ಪಹಣಿ, ಅಂದರೆ ಆರ್‌ಟಿಸಿ, ನಿಮ್ಮ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ. ಅದರ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಮತ್ತು ಅವರ ಪಾಲಿನ ವಿಸ್ತೀರ್ಣ ಇರುತ್ತದೆ. ಉಳುಮೆ ಮತ್ತು ಬೆಳೆಯ ವಿವರ 12ನೇ ಕಾಲಂನಲ್ಲಿ. ಹಣ ಬರುವುದು 9ನೇ ಕಾಲಂನಲ್ಲಿ ಹೆಸರಿರುವವರಿಗೆ. ಉಳುವವರು ಯಾರೇ ಇರಲಿ, ಕಂಪ್ಯೂಟರ್ ನೋಡುವುದು ಅದನ್ನೇ. ಗುತ್ತಿಗೆಗೋ ಪಾಲಿಗೋ ಮಾಡುವವರಿಗೆ ಇದರಿಂದ ಅನ್ಯಾಯವಾಗುತ್ತಿದೆ. ಬಿತ್ತಿದವರದು ನಷ್ಟ, ಪರಿಹಾರ ಬೇರೆಯವರಿಗೆ. ಈಗಿರುವ ವ್ಯವಸ್ಥೆಯಲ್ಲಿ ಅದಕ್ಕೆ ದಾರಿ ಇಲ್ಲ. ಹೊಲ ಹಿಡಿಯುವಾಗಲೇ ಮಾಲೀಕರ ಜೊತೆ ಪರಿಹಾರದ ವಿಷಯ ಮಾತಾಡಿ, ಸಾಧ್ಯವಾದರೆ ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಅತಿ ಹೆಚ್ಚು ಜನರ ಹಣ ನಿಲ್ಲುವುದು ತೀರಿಹೋದವರ ಹೆಸರಿನಲ್ಲಿರುವ ಪಹಣಿಯಿಂದ. ಅಪ್ಪನೋ ಅಜ್ಜನೋ ತೀರಿಕೊಂಡು ವರ್ಷಗಳಾಗಿರುತ್ತವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿರುತ್ತಾರೆ. ಪಹಣಿಯಲ್ಲಿ ಮಾತ್ರ ಹಳೇ ಹೆಸರೇ. ಹೀಗಿದ್ದರೆ ಮುಂದಿನ ಯಾವ ಹಂತವೂ ಕೆಲಸ ಮಾಡುವುದಿಲ್ಲ. ಪೌತಿ ಖಾತೆ ಮಾಡಿಸಲೇಬೇಕು, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಬೇಕು.

ಇದಕ್ಕೆ ಬೇಕಾಗುವುದು ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಮತ್ತು ಪಹಣಿ. ಅರ್ಜಿ ಕೊಡುವುದು ಹೋಬಳಿಯ ನಾಡಕಚೇರಿಯಲ್ಲಿ ಅಥವಾ ನಿಮ್ಮ ಗ್ರಾಮ ಆಡಳಿತಾಧಿಕಾರಿಗೆ, ನಾವು ಹಿಂದೆ ಗ್ರಾಮ ಲೆಕ್ಕಿಗರು ಅನ್ನುತ್ತಿದ್ದೆವಲ್ಲ, ಅವರಿಗೆ. ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಎಂಬ ಆಂದೋಲನವನ್ನೂ ಶುರುಮಾಡಿದೆ. ಅದರಲ್ಲಿ ಗ್ರಾಮ ಆಡಳಿತಾಧಿಕಾರಿಗಳೇ ವಾರಸುದಾರರ ವಿವರ ತೆಗೆದುಕೊಳ್ಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. "ಮದುವೆಯಾಗಿ ಹೋದವರು, ಅವರ ಹೆಸರು ಯಾಕೆ" ಎಂದು ಬಿಟ್ಟವರ ಖಾತೆ ತಕರಾರಿಗೆ ಸಿಕ್ಕಿ ವರ್ಷಗಟ್ಟಲೆ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ ಅದು ಅವರ ಹಕ್ಕು. ಅವರು ತಮ್ಮ ಪಾಲು ಬೇಡ ಅನ್ನುವುದಾದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸುವುದು ಸರಿಯಾದ ದಾರಿ. ಹೆಸರನ್ನೇ ಮುಚ್ಚಿಡುವುದು ತಪ್ಪು.

ಜಂಟಿ ಖಾತೆ ಇನ್ನೊಂದು ತೊಡಕು. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಜನರ ಹೆಸರಿದ್ದು, ಯಾರಿಗೆ ಎಷ್ಟು ಗುಂಟೆ ಎಂದು ಬಿಡಿಸಿ ಬರೆಯದಿದ್ದರೆ ಪರಿಹಾರ ಹಂಚುವಾಗ ಗೊಂದಲವಾಗುತ್ತದೆ. ವಿಭಾಗ ಮಾಡಿಕೊಂಡು ಪೋಡಿ ಮಾಡಿಸಿ. ಪೋಡಿ ಅಂದರೆ ಸರ್ವೆ ಇಲಾಖೆಯವರು ಅಳೆದು ಪ್ರತಿಯೊಬ್ಬರ ಭಾಗಕ್ಕೂ ಬೇರೆ ಹಿಸ್ಸಾ ನಂಬರ್ ಕೊಡುವುದು. ಸಮಯ ಹಿಡಿಯುವ ಕೆಲಸ ಇದು. ಆದರೆ ಒಮ್ಮೆ ಆದರೆ ಸಾಲಕ್ಕೂ ಸಬ್ಸಿಡಿಗೂ ಜೀವಮಾನಪೂರ್ತಿ ಉಪಯೋಗ.

ಹೆಸರು ಹೊಂದುತ್ತದೆಯೇ ಎಂದೂ ನೋಡಿ. ಪಹಣಿಯಲ್ಲಿ 'ಈರಪ್ಪ ಬಿನ್ ಸಣ್ಣಪ್ಪ' ಎಂದಿದ್ದು ಆಧಾರ್‌ನಲ್ಲಿ 'ವೀರಪ್ಪ ಎಸ್' ಎಂದಿರಬಹುದು. ಅಲ್ಪಸ್ವಲ್ಪ ಕಾಗುಣಿತದ ವ್ಯತ್ಯಾಸ ಇದ್ದರೆ ನೋಂದಣಿ ಮಾಡುವಾಗ ಅಧಿಕಾರಿ ಪರಿಶೀಲಿಸಿ ಒಪ್ಪಬಹುದು. ಹೆಸರೇ ಬೇರೆಯಾಗಿದ್ದರೆ ತಿದ್ದುಪಡಿ ಆಗಲೇಬೇಕು. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮನೆಮನೆಗೆ ಬಂದು ಪಹಣಿಗೆ ಆಧಾರ್ ಜೋಡಣೆ ಮಾಡಿದ್ದು ನೆನಪಿರಬಹುದು. ಆಗ ನೀವು ಊರಲ್ಲಿ ಇರಲಿಲ್ಲವಾದರೆ ನಿಮ್ಮ ಜೋಡಣೆ ಆಗಿದೆಯೇ ಎಂದು ಈಗ ಅವರನ್ನು ವಿಚಾರಿಸಿ.

ಹಂತ 2: ಎಫ್‌ಐಡಿ ಇದೆಯೇ, ಎಲ್ಲ ಸರ್ವೆ ನಂಬರೂ ಸೇರಿದೆಯೇ?

ಎಫ್‌ಐಡಿ ಎಂದರೆ ರೈತರ ಗುರುತಿನ ಸಂಖ್ಯೆ. ಕರ್ನಾಟಕದ 'ಫ್ರೂಟ್ಸ್' ಎಂಬ ತಂತ್ರಾಂಶದಲ್ಲಿ ನೋಂದಣಿ ಮಾಡಿದವರಿಗೆ ಇದು ಸಿಗುತ್ತದೆ. ಈ ತಂತ್ರಾಂಶ ಪಹಣಿಯ 'ಭೂಮಿ' ದತ್ತಾಂಶದ ಜೊತೆ ಸೇರಿಕೊಂಡಿದೆ. ನೋಂದಣಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮಾಡುತ್ತಾರೆ. ತೋಟಗಾರಿಕೆ, ರೇಷ್ಮೆ, ಪಶುಪಾಲನೆ ಇಲಾಖೆಯ ಕಚೇರಿಗಳಲ್ಲೂ ಮಾಡಿಸಬಹುದು. ಪರಿಹಾರಕ್ಕೆ ಮಾತ್ರ ಅಲ್ಲ, ಸಬ್ಸಿಡಿ ದರದ ಬೀಜಕ್ಕೆ, ಯಂತ್ರಕ್ಕೆ, ಬೆಂಬಲ ಬೆಲೆಯಲ್ಲಿ ರಾಗಿ, ತೊಗರಿ ಮಾರುವುದಕ್ಕೆ, ಎಲ್ಲದಕ್ಕೂ ಈಗ ಎಫ್‌ಐಡಿ ಕೇಳುತ್ತಾರೆ.

"ನನ್ನ ಹತ್ತಿರ ಎಫ್‌ಐಡಿ ಇದೆ" ಎಂದು ಸುಮ್ನೆ ಇದ್ದುಬಿಡುವವರು ಜಾಸ್ತಿ. ಎಫ್‌ಐಡಿ ಇದ್ದರೆ ಸಾಲದು. ನಿಮ್ಮ ಎಲ್ಲ ಜಮೀನೂ ಅದರಲ್ಲಿ ಸೇರಿರಬೇಕು. ಪಿಎಂ ಕಿಸಾನ್ ಶುರುವಾದಾಗ ಎಷ್ಟೋ ಜನ ಒಂದು ಪಹಣಿ ಮಾತ್ರ ಕೊಟ್ಟು ನೋಂದಣಿ ಮಾಡಿಸಿದರು. 6,000 ರೂಪಾಯಿಗೆ ಅಷ್ಟೇ ಸಾಕಿತ್ತು. ಉಳಿದ ಮೂರು ಎಕರೆ ಇನ್ನೊಂದು ಊರಿನ ಎಲ್ಲೆಯಲ್ಲಿ ಇರುತ್ತದೆ, ಅದನ್ನು ಸೇರಿಸಲೇ ಇಲ್ಲ. 2023ರ ಬರಗಾಲದಲ್ಲಿ ಇದರ ಪೆಟ್ಟು ಬಿತ್ತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದ ವರ್ಷ ಅದು. ಪರಿಹಾರವನ್ನು ಎಫ್‌ಐಡಿ ಆಧಾರದಲ್ಲಿ ಕೊಟ್ಟರು. ಎಫ್‌ಐಡಿಗೆ ಸೇರದ ಜಮೀನಿಗೆ ಹಣ ಬರಲಿಲ್ಲ.

ಮಾಡಬೇಕಾದ್ದು ಇಷ್ಟು. ಎಲ್ಲ ಪಹಣಿಗಳನ್ನೂ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಆಧಾರ್ ನಂಬರ್ ಕೊಟ್ಟರೆ ಅವರು ನಿಮ್ಮ ಎಫ್‌ಐಡಿ ತೆರೆಯುತ್ತಾರೆ. "ಇದರಲ್ಲಿ ಯಾವ ಯಾವ ಸರ್ವೆ ನಂಬರ್ ಇದೆ, ಓದಿ ಹೇಳಿ" ಎಂದು ಕೇಳಿ. ನಿಮ್ಮ ಪಹಣಿಗಳ ಮೇಲೆ ಒಂದೊಂದಾಗಿ ಗುರುತು ಹಾಕಿಕೊಳ್ಳಿ. ಬಿಟ್ಟುಹೋದದ್ದನ್ನು ಅಲ್ಲೇ ಸೇರಿಸಲು ಪಹಣಿ ಕೊಡಿ. ಪೌತಿ ಖಾತೆಯೋ ವಿಭಾಗವೋ ಆಗಿ ಜಮೀನು ಹೊಸದಾಗಿ ನಿಮ್ಮ ಹೆಸರಿಗೆ ಬಂದಿದ್ದರೆ ಅದು ತಾನಾಗಿ ಎಫ್‌ಐಡಿಗೆ ಬಂದುಬಿಡುತ್ತದೆ ಎಂದು ನಂಬಿ ಕೂರಬೇಡಿ, ಹೋಗಿ ನೋಡಿ.

ಈ ಕೆಲಸವನ್ನು ಮಳೆ ಶುರುವಾಗುವ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ ಮುಗಿಸಿಕೊಳ್ಳಿ. ಬಿತ್ತನೆ ಬೀಜ ಕೊಡುವ ದಿನಗಳಲ್ಲಿ ಅಲ್ಲಿನ ಸಿಬ್ಬಂದಿಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ.

ಹಂತ 3: ಪಿಎಂ ಕಿಸಾನ್‌ನಲ್ಲಿ ನಿಮ್ಮ ಸ್ಥಿತಿ ನೋಡಿ

ಬೆಳೆ ಪರಿಹಾರಕ್ಕೆ ಮಾತ್ರ ಬಂದವರು ನೇರ ನಾಲ್ಕನೇ ಹಂತಕ್ಕೆ ಹೋಗಬಹುದು.

ಪಿಎಂ ಕಿಸಾನ್ ವೆಬ್‌ಸೈಟಿನಲ್ಲಿ 'ನೋ ಯುವರ್ ಸ್ಟೇಟಸ್' ಎಂಬ ಜಾಗ ಇದೆ. ಅಲ್ಲಿ ನಿಮ್ಮ ರಿಜಿಸ್ಟ್ರೇಷನ್ ನಂಬರ್ ಹಾಕಬೇಕು. ನಂಬರ್ ಮರೆತಿದ್ದರೆ ಆಧಾರ್ ಅಥವಾ ಮೊಬೈಲ್ ನಂಬರಿನಿಂದ ಹುಡುಕಬಹುದು. ತೆರೆದುಕೊಂಡ ಪುಟದಲ್ಲಿ ಮೂರು ಸಾಲು ಮುಖ್ಯ.

'ಲ್ಯಾಂಡ್ ಸೀಡಿಂಗ್' ಎಂಬ ಸಾಲು ನಿಮ್ಮ ಜಮೀನಿನ ದಾಖಲೆ ಹೊಂದಿದೆಯೇ ಎಂದು ಹೇಳುತ್ತದೆ. ಅದು 'ನೋ' ಎಂದಿದ್ದರೆ ಬ್ಯಾಂಕಿಗೆ ಹೋಗಿ ಉಪಯೋಗವಿಲ್ಲ. ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೇ ಹೋಗಬೇಕು. ತಾಲ್ಲೂಕಿನಲ್ಲಿ ಇದರ ಹೊಣೆ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯದು.

ಎರಡನೆಯದು 'ಇ-ಕೆವೈಸಿ'. ಹಣ ಪಡೆಯುವವರು ನೀವೇ ಎಂದು ಆಧಾರ್ ಮೂಲಕ ಖಾತರಿಪಡಿಸುವುದು ಇದು. ಆಧಾರ್‌ಗೆ ಮೊಬೈಲ್ ಜೋಡಿಸಿದ್ದರೆ ಒಟಿಪಿ ಸಾಕು. ಇಲ್ಲದಿದ್ದರೆ ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಡಬಹುದು. ಮಣ್ಣಿನಲ್ಲಿ ದುಡಿದು ಬೆರಳು ಸವೆದವರಿಗೆ ಬೆರಳಚ್ಚು ಬೀಳುವುದಿಲ್ಲ, ಮನೆಯ ಹಿರಿಯರ ಕಷ್ಟ ಇದು. ಅವರಿಗಾಗಿ 2023ರಿಂದ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಕೆವೈಸಿ ಮಾಡುವ ವ್ಯವಸ್ಥೆ ಬಂದಿದೆ. ಮನೆಯ ಮಕ್ಕಳು ತಮ್ಮ ಫೋನಿನಲ್ಲೇ ಮಾಡಿಕೊಡಬಹುದು. ಬೆಳಕಿರುವ ಕಡೆ ಕೂರಿಸಿ, ಕನ್ನಡಕ ತೆಗೆಸಿ ಪ್ರಯತ್ನಿಸಿ.

ಮೂರನೆಯದು ಆಧಾರ್‌ಗೆ ಬ್ಯಾಂಕ್ ಖಾತೆಯ ಜೋಡಣೆ. ಅದನ್ನು ಐದನೇ ಹಂತದಲ್ಲಿ ವಿವರವಾಗಿ ಹೇಳುತ್ತೇನೆ.

ಮೂರೂ ಸರಿ ಇದ್ದು 'ಎಫ್‌ಟಿಒ ಜನರೇಟೆಡ್, ಪೇಮೆಂಟ್ ಕನ್ಫರ್ಮೇಷನ್ ಪೆಂಡಿಂಗ್' ಎಂದು ತೋರಿಸಿದರೆ ಗಾಬರಿಯಾಗಬೇಡಿ. ಎಫ್‌ಟಿಒ ಅಂದರೆ ಹಣ ವರ್ಗಾವಣೆಯ ಆದೇಶ. ಆದೇಶ ಹೊರಟಿದೆ, ಬ್ಯಾಂಕಿನಿಂದ ಖಚಿತತೆ ಬರಬೇಕು ಅಷ್ಟೇ.

ಇನ್ನು ಅರ್ಹತೆಯ ಮಾತು. ಈ ಯೋಜನೆಯಲ್ಲಿ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ. ಇಬ್ಬರ ಹೆಸರಿನಲ್ಲೂ ಜಮೀನಿದ್ದರೂ ಒಬ್ಬರಿಗೆ ಮಾತ್ರ ಹಣ. 2019ರ ಫೆಬ್ರುವರಿ 1ರ ನಂತರ ಜಮೀನು ಕೊಂಡವರಿಗೆ ಅಥವಾ ದಾನಪತ್ರದಿಂದ ಪಡೆದವರಿಗೆ ಬರುವುದಿಲ್ಲ. ಆ ದಿನದ ನಂತರ ತಂದೆತಾಯಿ ತೀರಿಕೊಂಡು ಪೌತಿ ಖಾತೆಯಿಂದ ಬಂದಿದ್ದರೆ ಮಾತ್ರ ವಿನಾಯಿತಿ ಇದೆ. 2025ರಲ್ಲಿ ಇಂಥ ಅನುಮಾನ ಬಂದ ಕಡೆಯೆಲ್ಲ ಹಣ ತಡೆಹಿಡಿದು ಖುದ್ದು ಪರಿಶೀಲನೆ ಮಾಡಲು ಕೇಂದ್ರ ಹೇಳಿತು. ನಿಮ್ಮ ಕಂತು ಇದ್ದಕ್ಕಿದ್ದಂತೆ ನಿಂತಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೆ, ಇದೇ ಕಾರಣ ಇರಬಹುದು. ಪೌತಿಯಿಂದ ಬಂದದ್ದಾದರೆ ಮರಣ ಪ್ರಮಾಣಪತ್ರ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ ತೋರಿಸಿ.

ಸರ್ಕಾರಿ ನೌಕರರು, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವವರು, ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು, ನೋಂದಣಿಯಾಗಿ ವೃತ್ತಿ ಮಾಡುವ ಡಾಕ್ಟರು, ವಕೀಲರು, ಎಂಜಿನಿಯರುಗಳು ಅರ್ಹರಲ್ಲ. ಡಿ ಗುಂಪಿನ ನೌಕರರಿಗೆ ಮತ್ತು ಆ ಗುಂಪಿನ ಪಿಂಚಣಿದಾರರಿಗೆ ವಿನಾಯಿತಿ ಇದೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಊರಲ್ಲಿ ಜಮೀನಿಟ್ಟುಕೊಂಡವರು ಇದನ್ನು ಸರಿಯಾಗಿ ಓದಿಕೊಳ್ಳಿ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ನಿಯಮ ಹೇಳುವುದು ತೆರಿಗೆ ಕಟ್ಟಿದವರ ಬಗ್ಗೆ. ಅರ್ಹತೆ ಇಲ್ಲದೆ ತೆಗೆದುಕೊಂಡ ಹಣವನ್ನು ವಾಪಸ್ ಕೇಳುತ್ತಾರೆ. ತೀರಿಹೋದವರ ಖಾತೆಗೆ ಬರುತ್ತಿರುವ ಕಂತೂ ಹಾಗೇ. ಅದನ್ನು ಎಟಿಎಂನಿಂದ ತೆಗೆಯುತ್ತಾ ಹೋಗಬೇಡಿ, ಮರಣದ ವಿಷಯ ತಿಳಿಸಿ, ಪೌತಿ ಖಾತೆ ಆದ ಮೇಲೆ ವಾರಸುದಾರರು ಹೊಸದಾಗಿ ಅರ್ಜಿ ಹಾಕಿ.

ಹಂತ 4: ಬೆಳೆ ಪರಿಹಾರಕ್ಕೆ ಬೆಳೆ ಸಮೀಕ್ಷೆ ನೋಡಿ

ನಿಮ್ಮ ಹೊಲದಲ್ಲಿ ಈ ಹಂಗಾಮಿನಲ್ಲಿ ಏನು ಬೆಳೆ ಇದೆ ಎಂದು ಸರ್ಕಾರದ ದಾಖಲೆಗೆ ಹೋಗುವುದು ಬೆಳೆ ಸಮೀಕ್ಷೆಯಿಂದ. ಮುಂಗಾರು, ಹಿಂಗಾರು, ಬೇಸಿಗೆ ಹಂಗಾಮಿಗೆ ಬೇರೆ ಬೇರೆ ಸಮೀಕ್ಷೆ ಆಗುತ್ತದೆ. ಪ್ರತಿ ಊರಿಗೂ ಒಬ್ಬರು ಸಮೀಕ್ಷೆದಾರರನ್ನು ನೇಮಿಸಿರುತ್ತಾರೆ. ಪಿ.ಆರ್. ಎಂದು ಕರೆಯುವುದು ಇವರನ್ನೇ. ಇವರು ಹೊಲಕ್ಕೆ ಬಂದು ಮೊಬೈಲ್ ಆ್ಯಪ್‌ನಲ್ಲಿ ಬೆಳೆಯ ಫೋಟೋ ಹಾಕುತ್ತಾರೆ. ರೈತರು ತಾವೇ ಮಾಡುವುದಕ್ಕೂ ಬೇರೆ ಆ್ಯಪ್ ಇದೆ.

ತಪ್ಪು ಆಗುವುದು ಇಲ್ಲಿ. ಬಿತ್ತನೆ ತಡವಾಗಿದ್ದ ಹೊಲವನ್ನು ಬೀಳು ಎಂದು ಬರೆದುಬಿಡುತ್ತಾರೆ. ತೊಗರಿ ಇದ್ದ ಕಡೆ ಪಕ್ಕದವರ ಹತ್ತಿ ದಾಖಲಾಗುತ್ತದೆ. ರಾಗಿಯಲ್ಲಿ ಅಕ್ಕಡಿ ಸಾಲು, ಅಂದರೆ ನಡುನಡುವೆ ಬೇರೆ ಬೆಳೆಯ ಸಾಲು, ಹಾಕಿದ್ದರೆ ಒಂದೇ ಬೆಳೆ ಬರೆಯುತ್ತಾರೆ. ಆಮೇಲೆ ಬೆಳೆ ಕೊಚ್ಚಿಹೋದಾಗ ದಾಖಲೆಯಲ್ಲಿ ಬೆಳೆಯೇ ಇಲ್ಲ ಅಂದರೆ ಪರಿಹಾರ ಎಲ್ಲಿಂದ ಬರಬೇಕು? ವಿಮೆ ಕಟ್ಟಿದವರಿಗೆ ಇದರ ಹೊಡೆತ ಇನ್ನೂ ಜೋರು. ವಿಮೆ ಮಾಡಿಸಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ.

'ಬೆಳೆ ದರ್ಶಕ್' ಆ್ಯಪ್ ಹಾಕಿಕೊಳ್ಳಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಆರಿಸಿದರೆ ನಿಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ, ಯಾವ ಫೋಟೋ ಹಾಕಿದ್ದಾರೆ ಎಂದು ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕುವ ಅವಕಾಶ ಇದೆ. ಇದಕ್ಕೆ ಗಡುವು ಇರುತ್ತದೆ. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಆಕ್ಷೇಪಣೆ ಹಾಕಿದರೆ ಬಂದು ನೋಡಬಹುದು. ಕಟಾವಾದ ಮೇಲೆ ಯಾವ ಸಾಕ್ಷಿ ತೋರಿಸುತ್ತೀರಿ? ಬಿತ್ತಿ ಒಂದು ತಿಂಗಳಾದ ಮೇಲೆ ಸರ್ವೆ ಕಲ್ಲೋ ಗುರುತಿನ ಮರವೋ ಕಾಣುವಂತೆ ನೀವೇ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ.

ಹಾನಿಯಾದ ಮೇಲೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಸೇರಿ ಜಂಟಿ ಸಮೀಕ್ಷೆ ಮಾಡುತ್ತಾರೆ. ಅದರ ಪಟ್ಟಿ ಗ್ರಾಮ ಪಂಚಾಯಿತಿಯಲ್ಲೋ ನಾಡಕಚೇರಿಯಲ್ಲೋ ಹಾಕಿದ್ದಾರೆಯೇ ಎಂದು ವಿಚಾರಿಸಿ, ನಿಮ್ಮ ಹೆಸರು, ಸರ್ವೆ ನಂಬರ್, ವಿಸ್ತೀರ್ಣ ಮೂರನ್ನೂ ನೋಡಿ. ಮಳೆಯಾಶ್ರಿತ ಎಂದು ಬರೆದಿದ್ದಾರಾ, ನೀರಾವರಿ ಎಂದು ಬರೆದಿದ್ದಾರಾ ಅನ್ನುವುದನ್ನೂ ನೋಡಿ. ಅಲ್ಲಿ ಹಣ ಅರ್ಧಕ್ಕರ್ಧ ವ್ಯತ್ಯಾಸವಾಗುತ್ತದೆ. ಹಣ ಬಿಡುಗಡೆಯಾದ ಮೇಲೆ ಕಂದಾಯ ಇಲಾಖೆಯ 'ಪರಿಹಾರ' ಪುಟದಲ್ಲಿ ವರ್ಷ, ಹಂಗಾಮು, ವಿಪತ್ತಿನ ವಿಧ ಆರಿಸಿ ಆಧಾರ್ ಅಥವಾ ಎಫ್‌ಐಡಿ ಹಾಕಿದರೆ ಯಾವ ಬ್ಯಾಂಕಿಗೆ ಎಷ್ಟು ಹೋಗಿದೆ ಎಂದು ಗೊತ್ತಾಗುತ್ತದೆ.

ಹಂತ 5: ಆಧಾರ್ ಮತ್ತು ಬ್ಯಾಂಕ್

ಸರ್ಕಾರಿ ಹಣ ಈಗ ಡಿಬಿಟಿ ಮೂಲಕ ಬರುತ್ತದೆ, ಅಂದರೆ ನಡುವೆ ಯಾರ ಕೈಗೂ ಹೋಗದೆ ನೇರ ಖಾತೆಗೆ. ಆದರೆ ಯಾವ ಖಾತೆಗೆ? ನೀವು ಅರ್ಜಿಯಲ್ಲಿ ಬರೆದುಕೊಟ್ಟ ಖಾತೆಗೇ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಹೋಗುವುದು ಎನ್‌ಪಿಸಿಐ ಮ್ಯಾಪಿಂಗ್ ಇರುವ ಬ್ಯಾಂಕಿಗೆ. ಎನ್‌ಪಿಸಿಐ ಎಂದರೆ ಬ್ಯಾಂಕುಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಸಂಸ್ಥೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಎಂದು ಅದರ ಪಟ್ಟಿಯಲ್ಲಿ ಇರುತ್ತದೆ. ನೀವು ಕೊನೆಗೆ ಯಾವ ಬ್ಯಾಂಕಿನಲ್ಲಿ ಜೋಡಣೆ ಮಾಡಿಸಿದ್ದೀರೋ ಅದೇ ಅಲ್ಲಿರುತ್ತದೆ.

ಇದರಿಂದ ಏನಾಗಿದೆ ನೋಡಿ. 2023ರಲ್ಲಿ ಗೃಹಲಕ್ಷ್ಮಿ ಹಣಕ್ಕಾಗಿ ಸಾವಿರಾರು ಹೆಣ್ಣುಮಕ್ಕಳು ಹೊಸ ಖಾತೆ ತೆರೆದು ಆಧಾರ್ ಜೋಡಿಸಿದರು. ಅವರಲ್ಲಿ ಜಮೀನು ಹೆಸರಿನಲ್ಲಿರುವವರ ಪಿಎಂ ಕಿಸಾನ್, ಬೆಳೆ ಪರಿಹಾರ ಎರಡೂ ಆಮೇಲೆ ಅದೇ ಹೊಸ ಖಾತೆಗೆ ಹೋಗತೊಡಗಿದವು. ಹಳೇ ಪಾಸ್‌ಬುಕ್ ನೋಡಿ ಹಣ ಬಂದಿಲ್ಲ ಎಂದು ಕೊರಗಿದವರಿದ್ದಾರೆ. ಸಿಮ್ ಕೊಳ್ಳುವಾಗ ಅಂಗಡಿಯಲ್ಲಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹೋಗಿರುವುದೂ ಉಂಟು. ಹಾಗಾಗಿ ನಿಮ್ಮ ಹೆಸರಿನಲ್ಲಿರುವ ಎಲ್ಲ ಖಾತೆಗಳನ್ನೂ ನೋಡಿದ ಮೇಲೆಯೇ ಬಂದಿಲ್ಲ ಎಂದು ಹೇಳಿ.

ಮ್ಯಾಪಿಂಗ್ ಯಾವ ಬ್ಯಾಂಕಿನಲ್ಲಿದೆ ಎಂದು ನೋಡಲು 'ಮೈ ಆಧಾರ್' ವೆಬ್‌ಸೈಟಿನಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ, ಒಟಿಪಿ ಹಾಕಿ. ರಾಜ್ಯ ಸರ್ಕಾರದ 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲೂ ಇದು ಕಾಣುತ್ತದೆ. ಆ ಆ್ಯಪ್‌ನಲ್ಲಿ ರಾಜ್ಯದ ಯಾವ ಯೋಜನೆಯ ಹಣ ಯಾವ ದಿನ ಯಾವ ಖಾತೆಗೆ ಬಂದಿದೆ ಎಂಬ ಪಟ್ಟಿಯೂ ಸಿಗುತ್ತದೆ. ಈ ಒಂದು ಆ್ಯಪ್ ಇದ್ದರೆ ಅರ್ಧ ಅಲೆದಾಟ ತಪ್ಪುತ್ತದೆ, ದಯವಿಟ್ಟು ಹಾಕಿಕೊಳ್ಳಿ.

ಬ್ಯಾಂಕಿನಲ್ಲಿ ಕೇಳುವಾಗ ಸರಿಯಾದ ಪ್ರಶ್ನೆ ಕೇಳಿ. "ಆಧಾರ್ ಲಿಂಕ್ ಆಗಿದೆಯಾ?" ಎಂದರೆ "ಆಗಿದೆ" ಅನ್ನುತ್ತಾರೆ. ಅದು ನಿಜವೂ ಹೌದು, ಖಾತೆಯ ಕೆವೈಸಿಗೆ ಆಧಾರ್ ನಂಬರ್ ಸೇರಿರುತ್ತದೆ. ಆದರೆ ಹಣ ಬರಲು ಅದು ಸಾಲದು. "ಎನ್‌ಪಿಸಿಐ ಮ್ಯಾಪಿಂಗ್ ಆ್ಯಕ್ಟಿವ್ ಇದೆಯಾ, ಡಿಬಿಟಿ ಬರುತ್ತದಾ?" ಎಂದು ಕೇಳಿ. ಇಲ್ಲ ಅಂದರೆ ಮ್ಯಾಪಿಂಗ್ ಮಾಡಲು ಒಪ್ಪಿಗೆ ಪತ್ರ ತುಂಬಿ ಸಹಿ ಮಾಡಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಕೆಲವು ದಿನ ಬಿಟ್ಟು ಮತ್ತೆ ನೀವೇ ಪರೀಕ್ಷಿಸಿ. ಬ್ಯಾಂಕ್ ದೂರ ಇದ್ದರೆ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆಯಬಹುದು, ಅಂಚೆಯಣ್ಣನೇ ಮಾಡಿಕೊಡುತ್ತಾರೆ. ಆದರೆ ನೆನಪಿಡಿ, ಅಲ್ಲಿ ಮ್ಯಾಪಿಂಗ್ ಮಾಡಿಸಿದರೆ ಎಲ್ಲ ಸರ್ಕಾರಿ ಹಣವೂ ಅಲ್ಲಿಗೇ ಬರುತ್ತದೆ.

ಬ್ಯಾಂಕುಗಳ ವಿಲೀನವನ್ನೂ ಗಮನದಲ್ಲಿಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದಾದವು. ಹಳೇ ಪಾಸ್‌ಬುಕ್ಕನ್ನೇ ಇಟ್ಟುಕೊಂಡಿದ್ದರೆ ಹೊಸದು ಮಾಡಿಸಿ, ಕೆವೈಸಿ ಹೊಸದಾಗಿ ಕೊಡಿ. ವ್ಯವಹಾರವೇ ಇಲ್ಲದೆ ಮಲಗಿರುವ ಖಾತೆಯಿಂದಲೂ ತೊಂದರೆ. ವರ್ಷಕ್ಕೊಮ್ಮೆಯಾದರೂ ನೂರು ರೂಪಾಯಿ ಹಾಕಿ ತೆಗೆಯುತ್ತಿರಿ.

ಹಣ ಬಂದು ಅಲ್ಲೇ ಸಾಲಕ್ಕೆ ಮುರಿದುಕೊಂಡರೆ? ಬರ ಪರಿಹಾರವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಾರದು ಎಂದು 2024ರಲ್ಲಿ ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಹೇಳಿತ್ತು. ಹಾಗಾಗಿದ್ದರೆ ಮ್ಯಾನೇಜರಿಗೆ ಪತ್ರ ಬರೆದು ಹಣ ವಾಪಸ್ ಹಾಕಲು ಕೇಳಿ. ಪತ್ರದ ಪ್ರತಿಯನ್ನು ತಹಶೀಲ್ದಾರರಿಗೂ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೂ ಕೊಡಿ. ಸುಮ್ಮನಿದ್ದವರ ಹಣ ವಾಪಸ್ ಬರುವುದಿಲ್ಲ.

ಮೋಸದ ಬಗ್ಗೆ ಎರಡು ಮಾತು

ಕಂತು ಬಿಡುಗಡೆಯ ಸಮಯದಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ 'ಪಿಎಂ ಕಿಸಾನ್' ಹೆಸರಿನ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಸೇರಿಸುವ ಫೈಲ್, ಓಡಾಡುತ್ತದೆ. ಅದನ್ನು ಒತ್ತಬೇಡಿ. ಫೋನಿಗೆ ಸೇರಿದರೆ ಒಟಿಪಿಗಳನ್ನು ಕದ್ದು ಖಾತೆ ಬರಿದು ಮಾಡುತ್ತದೆ. ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ಗುಂಪಿನಲ್ಲಿ ಹಾಕಿದವರು ಪರಿಚಯದವರೇ ಆಗಿದ್ದರೂ ನಂಬಬೇಡಿ, ಅವರ ಫೋನೇ ಮೋಸಗಾರರ ಕೈಯಲ್ಲಿ ಇರಬಹುದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

"ಇಷ್ಟು ಕೊಡಿ, ಪರಿಹಾರ ಮಾಡಿಸಿಕೊಡುತ್ತೇನೆ" ಅನ್ನುವವರಿಗೂ ಒಂದು ರೂಪಾಯಿ ಕೊಡಬೇಡಿ. ಮೇಲೆ ಹೇಳಿದ ಯಾವ ಕೆಲಸಕ್ಕೂ ಮಧ್ಯವರ್ತಿ ಬೇಕಿಲ್ಲ. ಸೇವಾ ಕೇಂದ್ರದ ನಿಗದಿತ ಶುಲ್ಕ ಕೊಟ್ಟು ರಸೀದಿ ಪಡೆಯಿರಿ.

ಹಂತ 6: ಎಲ್ಲ ಸರಿ ಇದ್ದರೂ ಬಂದಿಲ್ಲವೇ? ಬರವಣಿಗೆಯಲ್ಲಿ ಕೇಳಿ

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಪಿಎಂ ಕಿಸಾನ್ ಆದರೆ ಸಹಾಯಕ ಕೃಷಿ ನಿರ್ದೇಶಕರಿಗೆ, ಬೆಳೆ ಪರಿಹಾರ ಆದರೆ ತಹಶೀಲ್ದಾರರಿಗೆ ಅರ್ಜಿ ಬರೆಯಿರಿ. ಉದ್ದ ಬೇಡ. ಹೆಸರು, ಊರು, ಎಫ್‌ಐಡಿ, ಸರ್ವೆ ನಂಬರ್, ಯಾವ ವರ್ಷದ ಯಾವ ಹಣ, ನೀವು ನೋಡಿದ ಸ್ಥಿತಿ ಏನು ಎಂದಷ್ಟೇ ಬರೆಯಿರಿ. ಮೊಬೈಲ್ ಪರದೆಯ ಚಿತ್ರದ ಪ್ರಿಂಟ್ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ.

ಫೋನಿನಲ್ಲಿ ಕೇಳುವುದಾದರೆ ಪಿಎಂ ಕಿಸಾನ್ ಸಹಾಯವಾಣಿ 155261. ರಾಜ್ಯದ ಯಾವುದೇ ಇಲಾಖೆಯ ದೂರಿಗೆ ಜನಸ್ಪಂದನ ಸಹಾಯವಾಣಿ 1902. ದೂರಿನ ನಂಬರ್ ಕೊಡುತ್ತಾರೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ತಿಂಗಳಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗೆ ಇರಬೇಕು. "ನನಗೆ ಯಾಕೆ ಹಣ ಕೊಡಲಿಲ್ಲ?" ಎಂದು ಬರೆದರೆ ಅದು ದೂರು, ಮಾಹಿತಿಯಲ್ಲ ಎಂದು ವಾಪಸ್ ಕಳಿಸಬಹುದು. "ಇಂಥ ಸರ್ವೆ ನಂಬರಿನ ಜಂಟಿ ಸಮೀಕ್ಷೆ ವರದಿಯ ಪ್ರತಿ ಕೊಡಿ, ನನ್ನ ಅರ್ಜಿಯ ಮೇಲೆ ತೆಗೆದುಕೊಂಡ ಕ್ರಮದ ಪ್ರತಿ ಕೊಡಿ" ಎಂದು ದಾಖಲೆಯನ್ನೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ, ಮತ್ತೆ 30 ದಿನದೊಳಗೆ, ಮೊದಲ ಮೇಲ್ಮನವಿ ಹಾಕಬಹುದು. ಅರ್ಜಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದರೆ ಅಂಚೆ ರಸೀದಿಯನ್ನು ಅರ್ಜಿಯ ಪ್ರತಿಗೆ ಪಿನ್ ಮಾಡಿಡಿ, ಮೇಲ್ಮನವಿಗೆ ಅದನ್ನೇ ಕೇಳುತ್ತಾರೆ.